ಎರಡನೆಯ ಡಿಸ್ಕು

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗಳಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿಗಳು ಏನಿಲ್ಲವೆಂದರೂ ಹತ್ತು ಹನ್ನೆರಡು ಇವೆ. ಬಂಗಾರದ ಅಕ್ಷರ ಬೇಕೆನ್ನುವವರು, ಪತ್ರಿಕೆ ತೆರೆದರೆ ಗಣಪತಿ ಎದ್ದು ನಿಲ್ಲಬೇಕೆನ್ನುವವರು ಆ ಅಂಗಡಿಗಳಿಗೆ ಹೋಗುತ್ತಾರೆ. ಮದುವೆ ಮುಗಿಯುವವರೆಗಾದರೂ ಬಳಗದಲ್ಲಿ ಜಗಳ ಬೇಡ ಎನ್ನುವವರು ರಾಜೇಶ್ವರಿಯ ಅಂಗಡಿಗೆ ಬರುತ್ತಾರೆ.

ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಗಂಡು ಹೆಣ್ಣಿನ ಹೆಸರಿಗೆ ಎರಡು ಸಾಲು ಸಾಕು. ಉಳಿದ ಜಾಗವೆಲ್ಲ ಬಳಗದ್ದು. ಆಮಂತ್ರಿಸುವವರು, ಆಶೀರ್ವದಿಸುವವರು, ಸೋದರಮಾವಂದಿರು, ಕಾಕಂದಿರು, ಅಳಿಯಂದಿರು, ಕೊನೆಗೆ 'ನಮ್ಮ ಮಾಮಾನ ಲಗ್ನಕ್ಕ ತಪ್ಪದ ಬರ್ರಿ' ಎನ್ನುವ ಚಿಳ್ಳೆಪಿಳ್ಳೆಗಳು. ಹಿರಿಯವನ ಹೆಸರು ಕಿರಿಯವನ ಕೆಳಗೆ ಬಿತ್ತೋ, ಮುಗಿಯಿತು. ಅಕ್ಷತೆ ಬೀಳುವ ಹೊತ್ತಿಗೆ ಆ ಹಿರಿಯ ಮಂಟಪದಲ್ಲಿ ಇರುವುದಿಲ್ಲ. ಹೋದ ವರ್ಷ ತೀರಿಕೊಂಡವರ ಹೆಸರಿನ ಹಿಂದೆ ಲಿಂಗೈಕ್ಯರೆಂಬ 'ಲಿಂ.' ಸೇರಿಸಲು ಮರೆತರೆ ಮನೆಯ ಹೆಂಗಸರು ಪತ್ರಿಕೆ ಹಿಡಿದುಕೊಂಡೇ ಅಳುತ್ತಾರೆ. ರಾಜೇಶ್ವರಿ ಇಪ್ಪತ್ತೆರಡು ವರ್ಷಗಳಿಂದ ಇದನ್ನೆಲ್ಲ ಕಾಯ್ದುಕೊಂಡು ಬಂದವಳು. ತಿಕೋಟಾ, ಬಬಲೇಶ್ವರ, ಕಾಖಂಡಕಿ ಎಂದು ಸುತ್ತಲಿನ ಊರುಗಳ ಸಾವಿರಕ್ಕೂ ಹೆಚ್ಚು ಮನೆತನಗಳ ಪಟ್ಟಿ ಅವಳ ಕಂಪ್ಯೂಟರಿನಲ್ಲಿತ್ತು. ಯಾರ ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದು ಅವರ ಬೀಗರಿಗಿಂತ ಮೊದಲು ಇವಳಿಗೆ ತಿಳಿಯುತ್ತಿತ್ತು. ಅದು ಇವಳ ಬಾಯಿಂದ ಒಮ್ಮೆಯೂ ಹೊರಗೆ ಬಿದ್ದದ್ದಿಲ್ಲ.

ಅವಳದೊಂದು ರೂಢಿಯಿತ್ತು. ಯಾರಾದರೂ ಬಂದು ಪಟ್ಟಿಯಿಂದ ಒಂದು ಹೆಸರು ತೆಗೆಯಿರಿ ಎಂದರೆ ಅವಳು ಆ ದಿನ ತೆಗೆಯುತ್ತಿರಲಿಲ್ಲ. "ನಾಳೆ ಬರ್ರಿ" ಎನ್ನುತ್ತಿದ್ದಳು. ಮರುದಿನ ಬಂದು ಅದೇ ಮಾತು ಹೇಳಿದರೆ ತೆಗೆಯುತ್ತಿದ್ದಳು. ಆದರೆ ಹೆಸರಿದ್ದ ಮೊದಲಿನ ಪ್ರತಿಯನ್ನು ಅಳಿಸದೆ ಬೇರೊಂದು ಫೋಲ್ಡರಿನಲ್ಲಿ ಹಾಕಿಡುತ್ತಿದ್ದಳು. ಆ ಫೋಲ್ಡರಿಗೆ 'ಇರಲಿ' ಎಂದು ಹೆಸರು. ಸಿಟ್ಟು ಇಳಿದ ಮೇಲೆ, ಮೊಮ್ಮಗು ಹುಟ್ಟಿದ ಮೇಲೆ, ಇಲ್ಲವೆ ಹಾಸಿಗೆ ಹಿಡಿದ ಮೇಲೆ ಜನ ಬಂದು, ತೆಗೆದ ಹೆಸರನ್ನು ಮತ್ತೆ ಸೇರಿಸಿ ಎಂದದ್ದನ್ನು ಅವಳು ಕಂಡಿದ್ದಳು. ಗಂಡ ರೇವಪ್ಪ, ಹಿಂದಿನ ಕೋಣೆಯಲ್ಲಿ ಮುದ್ರಣ ಯಂತ್ರ ನಡೆಸುವವನು, "ಊರ ಮಂದಿ ಕಸಾ ಯಾಕ ಕೂಡಿ ಹಾಕ್ತಿ?" ಎಂದು ನಗುತ್ತಿದ್ದ.

ನಾಲ್ಕು ವರ್ಷದ ಹಿಂದೆ ಒಂದು ವೈಶಾಖದಲ್ಲಿ ಅವಳ ಹಳೆಯ ಹಾರ್ಡ್‌ಡಿಸ್ಕು ಎರಡು ದಿನ ಟಿಕ್ ಟಿಕ್ ಎಂದು ಸತ್ತುಹೋಯಿತು. ಪೆನ್‌ಡ್ರೈವುಗಳನ್ನು ಕೆದಕಿ, ಅಟ್ಟದ ಮೇಲಿನ ಹಳೆಯ ಪತ್ರಿಕೆಗಳನ್ನು ಇಳಿಸಿ, ಪಟ್ಟಿಗಳನ್ನೆಲ್ಲ ಮತ್ತೆ ಟೈಪು ಮಾಡಲು ಒಂದೂವರೆ ವರ್ಷ ಹಿಡಿಯಿತು. ಬೆರಳಿನ ಕೀಲುಗಳು ಬಾತು ರೊಟ್ಟಿ ಬಡಿಯುವುದಕ್ಕೂ ಬರದಂತಾಯಿತು. ಆ ಕೆಲಸ ಮುಗಿದ ದಿನ ಅವಳು ತಮ್ಮ ಸಂಗುವಿಗೆ ಫೋನು ಮಾಡಿ, ಇನ್ನೊಮ್ಮೆ ಹೀಗಾದರೆ ಅಂಗಡಿ ಮುಚ್ಚುವುದೇ ಸೈ ಎಂದಳು.

ಸಂಗು ಎಂದರೆ ಸಂಗನಬಸವ. ತಿಕೋಟಾದ ತವರುಮನೆಯಲ್ಲಿ ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ತಾಯಿ ಮುರಿಗೆವ್ವ ಕೆಲಸಕ್ಕೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗಿದವಳು ರಾಜೇಶ್ವರಿ. ಡಿಪ್ಲೊಮಾ ಓದುವಾಗ ಮೂರು ವರ್ಷ ಇವಳ ಮನೆಯಲ್ಲೇ ಉಂಡು ಬೆಳೆದ. ಅಕ್ಕ ಫೋನು ಮಾಡಿದ ಹೊತ್ತಿಗೆ ವಿಜಯಪುರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದ.

ಒಂದು ರವಿವಾರ ಅವನು ಪೆಟ್ಟಿಗೆಗಳನ್ನು ಹೊತ್ತು ಬಂದ. ಮೇಜಿನ ಮೇಲೆ ಹಳೆಯ ಲಗ್ನಪತ್ರಿಕೆಗಳನ್ನು ಹಾಸಿ ಅವುಗಳ ಮೇಲೆ ಹೊಸ ಮದರ್‌ಬೋರ್ಡನ್ನು ಇಟ್ಟ. ಆಮೇಲೆ ಬೆರಳುದ್ದದ ಎರಡು ತೆಳು ಪಟ್ಟಿಗಳನ್ನು ತೆಗೆದು ಅಕ್ಕನ ಅಂಗೈಯಲ್ಲಿ ಹಾಕಿದ.

"ಇವು ಎನ್‌ವಿಎಂಇ ಡಿಸ್ಕು ಅಕ್ಕಾ. ಇವು ತಿರುಗೂದಿಲ್ಲ, ಸಪ್ಪಳ ಮಾಡೂದಿಲ್ಲ."

"ಇಷ್ಟರಾಗ ನನ್ನ ಮಂದಿ ಎಲ್ಲಾ ಹಿಡೀತಾರೇನೋ?"

"ನಿನ್ನ ಮಂದಿ ಹಿಡದು, ಇನ್ನ ಇಡೀ ಜಿಲ್ಲಾ ಹಿಡೀತೈತಿ."

"ಸಪ್ಪಳ ಮಾಡದ ಸತ್ತರ ಗೊತ್ತಾಗೂದು ಹೆಂಗ?"

"ಅದಕ್ಕ ಎರಡು ಹಾಕೂದು" ಎಂದು ಸಂಗು ನಕ್ಕ.

ಬೋರ್ಡಿನಲ್ಲಿ ಎರಡು ಸ್ಲಾಟುಗಳಿದ್ದವು, ಒಂದು ಮೇಲೆ ಪ್ರೊಸೆಸರಿನ ಹತ್ತಿರ, ಇನ್ನೊಂದು ಕೆಳಗೆ. ಪಟ್ಟಿಯನ್ನು ಓರೆಯಾಗಿ ತೂರಿಸಿ, ಮೆಲ್ಲಗೆ ಒತ್ತಿ, ಸಾಸಿವೆಯಷ್ಟು ಸ್ಕ್ರೂ ಬಿಗಿದು, ಮೇಲೆ ಬಿಸಿ ಹೀರುವ ಲೋಹದ ಮುಚ್ಚಳ ಕೂಡಿಸಿದ. ಎರಡನೆಯದಕ್ಕೂ ಹಾಗೆಯೇ ಮಾಡಿದ. ಕಂಪ್ಯೂಟರು ಶುರುವಾಗುವ ಮೊದಲೇ ಒಂದು ಗುಂಡಿ ಒತ್ತಿ ಬಯಾಸ್ ಎಂಬ ಪುಟಕ್ಕೆ ಹೋಗಿ, ಎರಡು ಡಿಸ್ಕುಗಳನ್ನು ಜೋಡಿ ಮಾಡುವ ರೇಡ್ ಎಂಬುದನ್ನು ಆನ್ ಮಾಡಿ, ಅಕ್ಕನನ್ನು ಪಕ್ಕಕ್ಕೆ ಕರೆದ.

"ಇಲ್ಲಿ ಎರಡು ದಾರಿ ಅದಾವು ನೋಡು. ಸೊನ್ನಿ ಅಂತ ಹಾಕಿದ್ರ ಎರಡೂ ಡಿಸ್ಕು ಅರ್ಧಾ ಅರ್ಧಾ ಹಂಚಿಕೊಳ್ತಾವ. ಜೋರ್ ಓಡತೈತಿ, ಆದ್ರ ಒಂದು ಸತ್ತರ ಎಲ್ಲಾ ಹೋತು. ಒಂದು ಅಂತ ಹಾಕಿದ್ರ, ನೀ ಇದರಾಗ ಬರದದ್ದು ಅದರಾಗೂ ಬರೀತೈತಿ. ಯಾವುದರ ಒಂದು ಸತ್ತರೂ ಇನ್ನೊಂದರಾಗ ಪೂರಾ ಇರತೈತಿ."

"ಜೋರ್ ಓಡಿ ನಾ ಎಲ್ಲಿಗೆ ಹೋಗಬೇಕಾಗೇತಿ? ಒಂದು ಹಾಕು."

ವಿಂಡೋಸ್ ಹಾಕಲು ಹೋದರೆ ಪರದೆಯ ಮೇಲೆ ಒಂದು ಡಿಸ್ಕೂ ಕಾಣಿಸಲಿಲ್ಲ. ರಾಜೇಶ್ವರಿ ಪರದೆಗೆ ಮುಖ ಹತ್ತಿರ ತಂದು ಹುಡುಕಿದಳು. ಸಂಗು ಆರಾಮಾಗಿ ಪೆನ್‌ಡ್ರೈವು ಚುಚ್ಚಿ ರೇಡ್ ಡ್ರೈವರ್ ಎಂಬ ಫೈಲನ್ನು ಯಂತ್ರಕ್ಕೆ ತೋರಿಸಿಕೊಟ್ಟ. ಆಗ ಪಟ್ಟಿಯಲ್ಲಿ ಒಂದು ಡಿಸ್ಕು ಬಂತು, ಒಂದೇ ಒಂದು.

"ಇದರಾಗ ಒಂದ ಕಾಣತೈತೆಲ್ಲೋ?"

"ಹಂಗ ಅಕ್ಕಾ. ಒಳಗ ಎರಡು ಅದಾವು, ನಿನಗ ಕಾಣೂದು ಒಂದ. ಹೊರಗಿಂದ ನೋಡಿದ್ರ ಒಳಗ ಎಷ್ಟು ಅದಾವು ಅಂತ ಗೊತ್ತ ಆಗೂದಿಲ್ಲ. ಇನ್ನೊಂದು ಮಾತು ನೆನಪಿಡು. ಇಲ್ಲಿ ಅಳಿಸಿದ್ರ ಅಲ್ಲೂ ಅಳೀತೈತಿ, ಆಗಿಂದಾಗ. ಡಿಸ್ಕು ಸತ್ತರ ಇದು ಉಳಸ್ತೈತಿ, ನೀನ ಕೈಯಾರೆ ಅಳಿಸಿದ್ದನ್ನ ಉಳಸೂದಿಲ್ಲ."

ಅವಳು ಕಂಪ್ಯೂಟರಿನ ಕ್ಯಾಬಿನೆಟ್ಟಿಗೆ ವಿಭೂತಿ ಹಚ್ಚಿದಳು, ತಮ್ಮನಿಗೆ ಹೋಳಿಗೆ ಬಡಿಸಿದಳು. ಮುಂದಿನ ಒಂದು ತಿಂಗಳು ಬಂದ ಗಿರಾಕಿಗಳಿಗೆಲ್ಲ, "ನಮ್ಮ ತಮ್ಮ ಜೋಡಿ ಡಿಸ್ಕು ಹಾಕಿಕೊಟ್ಟಾನ್ರಿ, ಇನ್ನ ನಿಮ್ಮ ಪಟ್ಟಿಗೆ ಸಾವಿಲ್ಲ" ಎಂದು ಹೇಳಿದ್ದೇ ಹೇಳಿದ್ದು. ಪ್ರೀತಿಯಿಂದ ಹೆಮ್ಮೆ ಪಡುವವರನ್ನು ನೋಡಿ ನಗಬಾರದು. ಆದರೆ ಈಗ ನೆನೆಸಿಕೊಂಡರೆ ಅವಳಿಗೇ ಆ ಮಾತು ಕೆನ್ನೆಗೆ ಹೊಡೆದಂತೆ ಆಗುತ್ತದೆ.

ಒಂದು ವರ್ಷ ಯಾವ ತೊಂದರೆಯೂ ಇಲ್ಲದೆ ಹೋಯಿತು. ಯುಗಾದಿಯ ಮುಂಚೆ ಸಂಗು ತಾನಾಗಿಯೇ ಬಂದು, ಯಂತ್ರದೊಳಗೆ ಧೂಳು ಕೂತಿರುತ್ತದೆ, ತೆಗೆದುಕೊಡುತ್ತೇನೆ ಎಂದ. ಅವಳು ಅವನಿಗೆ ತಿನ್ನಲು ಗಿರಮಿಟ್ಟು ತರಲು ಓಣಿಯ ತುದಿಯವರೆಗೆ ಹೋಗಿ ಬಂದಳು. ಮರುದಿನ ಬೆಳಿಗ್ಗೆ ಕಂಪ್ಯೂಟರು ಹಚ್ಚಿದಾಗ ಪರದೆಯ ಕೆಳಗಿನ ಮೂಲೆಯಲ್ಲಿ ಹಳದಿ ಗುರುತಿನ ಪುಟ್ಟ ಚೌಕವೊಂದು ಎದ್ದು ಬಂತು. ಇಂಗ್ಲಿಷಿನಲ್ಲಿ ಏನೇನೋ, ನಡುವೆ 'ಡಿಗ್ರೇಡೆಡ್' ಎಂಬ ಶಬ್ದ. ಅವಳು ತಮ್ಮನಿಗೆ ಫೋನು ಮಾಡಿದಳು.

"ಅದು ಕಂಪನಿಯವರ ಕಾಟ ಅಕ್ಕಾ. ಹೊಸಾದು ತಗೋ, ಹೊಸಾದು ತಗೋ ಅಂತಿರತಾವ. ಮೂಲ್ಯಾಗ ಗುಣಿಸು ಚಿಹ್ನಿ ಐತಿ ನೋಡು, ಅದನ್ನ ಒತ್ತಿಬಿಡು."

ಅವಳು ಒತ್ತಿದಳು. ದಿನಾ ಬೆಳಿಗ್ಗೆ ದೇವರಿಗೆ ಊದಿನಕಡ್ಡಿ ಹಚ್ಚುವುದು, ಕಂಪ್ಯೂಟರಿನ ಗುಂಡಿ ಒತ್ತುವುದು, ಹಳದಿ ಚೌಕದ ಗುಣಿಸು ಚಿಹ್ನೆ ಒತ್ತುವುದು ಎಂದು ರೂಢಿಯಾಯಿತು. ಹೀಗೆ ಎಂಟು ತಿಂಗಳು. ಅಷ್ಟರಲ್ಲಿ ಸಂಗು ಕೆಲಸ ಬಿಟ್ಟು ಬಬಲೇಶ್ವರದಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿ ಅಂತ ಸಣ್ಣದೊಂದು ಅಂಗಡಿ ಹಾಕಿದ್ದೇನೆ ಎಂದ. ಅಂಗಡಿಯ ಪೂಜೆಗೆ ಅಕ್ಕನನ್ನು ಕರೆಯಲಿಲ್ಲ. ಅವ್ವನಿಗೆ ಆರಾಮಿಲ್ಲ, ಅದಕ್ಕೆ ಯಾರನ್ನೂ ಕರೆದಿಲ್ಲ ಎಂದ. ಅದನ್ನೂ ಅವಳು ನಂಬಿದಳು.

ಕಾರ್ತಿಕದ ಒಂದು ಮಧ್ಯಾಹ್ನ ರಾಜೇಶ್ವರಿ ತನ್ನ ಮಗಳು ವಿಜಯಲಕ್ಷ್ಮಿಯ ಲಗ್ನಪತ್ರಿಕೆಯನ್ನೇ ತಿದ್ದುತ್ತಿದ್ದಳು. ಊರಿಗೆಲ್ಲ ಪತ್ರಿಕೆ ಮಾಡಿಕೊಟ್ಟವಳಿಗೆ ತನ್ನ ಮನೆಯದು ಒಂದು ವಾರವಾದರೂ ಮುಗಿದಿರಲಿಲ್ಲ. 'ಸೋದರಮಾವ' ಎಂಬ ತಲೆಸಾಲಿನ ಕೆಳಗೆ ಒಂದೇ ಹೆಸರು, ಶ್ರೀ ಸಂಗನಬಸವ. ಒಂಟಿಯಾಗಿ ಬಡಕಲು ಕಾಣಬಾರದೆಂದು ಅಕ್ಷರವನ್ನು ಒಂದು ಗಾತ್ರ ದೊಡ್ಡದು ಮಾಡಿದ್ದಳು. ಆ ಹೊತ್ತಿಗೆ ಕಾಖಂಡಕಿಯ ಗುರಲಿಂಗಪ್ಪ ಅಂಗಡಿಯೊಳಗೆ ಬಂದು, ಚಪ್ಪಲಿಯನ್ನೂ ಬಿಡದೆ, ಒಂದು ಪತ್ರಿಕೆಯನ್ನು ಅವಳ ಕೀಬೋರ್ಡಿನ ಮೇಲೆ ಒಗೆದರು.

"ಯವ್ವಾ ರಾಜೇಶ್ವರಿ, ನಾ ನಿನಗ ಏನ ಅನ್ಯಾಯ ಮಾಡಿದ್ದೆ?"

ಗುರಲಿಂಗಪ್ಪ ಹಳೆಯ ಗಿರಾಕಿ. ಎರಡು ವರ್ಷದ ಹಿಂದೆ ಹಿರಿಯ ಮಗನ ಪತ್ರಿಕೆಯನ್ನು ಇಲ್ಲಿಯೇ ಮಾಡಿಸಿದ್ದರು. ಆಗ ಪಟ್ಟಿಯಲ್ಲಿದ್ದ ಮಗಳು ದಾನಮ್ಮನ ಹೆಸರು ತೆಗೆಯಬೇಕೆಂದಿದ್ದರು. ದಾನಮ್ಮ ಮನೆಯವರ ಮಾತು ಮೀರಿ ಲಗ್ನವಾಗಿ ಸೊಲ್ಲಾಪುರದಲ್ಲಿದ್ದಳು. ರಾಜೇಶ್ವರಿ ನಾಳೆ ಬರ್ರಿ ಎಂದಿದ್ದಳು, ಅವರು ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಂದು ಕೂತಿದ್ದರು. ಈಗ ಎದುರಿಗೆ ಬಿದ್ದಿದ್ದದ್ದು ಕಿರಿಯ ಮಗನ ಪತ್ರಿಕೆ. ಅದರಲ್ಲಿ ಹಿರಿಯ ಸೊಸೆಯ ಹೆಸರಿನ ಮೇಲೆ 'ಸೌ. ದಾನಮ್ಮ' ಎಂದು ನಿಚ್ಚಳವಾಗಿ ಅಚ್ಚಾಗಿತ್ತು.

"ಇದು ನಾವು ಮಾಡಿದ್ದಲ್ಲ ಕಾಕಾ."

"ಹಿಂದ ಹೊಳ್ಳಿಸಿ ನೋಡು."

ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 'ರಾಜೇಶ್ವರಿ ಕಾರ್ಡ್ಸ್, ಶಾಖೆ: ಬಬಲೇಶ್ವರ' ಎಂದಿತ್ತು.

"ನಿನ್ನ ತಮ್ಮ ಕುಂತಾನಲ್ಲ ಅಲ್ಲಿ. ಅಕ್ಕನ ಅಂಗಡೀದ ಶಾಖೆ, ಪಟ್ಟಿ ಎಲ್ಲಾ ಇಲ್ಲೇ ಐತಿ, ವಿಜಾಪುರಕ್ಕ ಯಾಕ ಹೋಗ್ತೀರಿ ಅಂದ. ನಿನ್ನ ಹೆಸರು ನೋಡಿ ನಾ ತಿರುಗಿ ಓದಲಿಲ್ಲವಾ. ಐದನೂರು ಪತ್ರಿಕಿ ಹಂಚಿದ ಮ್ಯಾಲ ಗೊತ್ತಾತು." ಗುರಲಿಂಗಪ್ಪನವರ ದನಿ ಇಳಿಯಿತು. "ಯಾರೋ ಫೋಟೋ ಹೊಡದು ಆಕಿಗೆ ಕಳಿಸ್ಯಾರ. ಅಪ್ಪ ಹೆಸರು ಹಾಕ್ಯಾನ, ಕರದಾನ ಅಂತ ತಿಳಕೊಂಡು ಅರಿಷಿಣದ ದಿನ ಬಂದ್ಲು. ಕೈಯಾಗ ಕೂಸು, ತಮ್ಮಗ ಅರವಿ. ಬೀಗರು ಒಳಗ ಕುಂತಿದ್ರು. ನಾ ಹೊರಗ ನಿಂದ್ರಿಸಿ ಕಳಸೀನಿ. ಮಗಳನ್ನ ಎರಡು ಸಲ ಹೊರಗ ಹಾಕಿದ ಅಪ್ಪ ಆದೆ ನಾನು, ನಿಮ್ಮ ಅಂಗಡಿ ದೆಸಿಂದ."

ರಾಜೇಶ್ವರಿ ಪತ್ರಿಕೆಯನ್ನು ಮತ್ತೆ ತಿರುವಿ ಆ ಸಣ್ಣ ಅಕ್ಷರ ಓದಿದಳು.

"ಬಬಲೇಶ್ವರಕ್ಕ ಹೋಗಿ ಕೇಳಿದ್ರ ಏನಂದಾ ಗೊತ್ತೇನು ನಿನ್ನ ತಮ್ಮ? ಆ ಹೆಸರು ಅಕ್ಕನ ಇಟ್ಟಾಳ, ಮಗಳನ್ನ ಬಿಡಬಾರದು ಅಂತ ಆಕೀನ ಹಟಾ ಮಾಡಿದ್ಲು ಅಂದ. ನಿನಗ್ಯಾಕ ಬೇಕಿತ್ತವಾ ನಮ್ಮನಿ ಉಸಾಬರಿ?"

ಸಂಗು ಹಾಗೆ ಅಂದಿರಲಾರ, ಮುದುಕರು ಸಿಟ್ಟಿನಲ್ಲಿ ಏನೋ ಕೇಳಿಸಿಕೊಂಡಿದ್ದಾರೆ ಎಂದೇ ಅವಳು ಅಂದುಕೊಂಡಳು. ನಂಬಿದವರ ಕಿವಿ ಹಾಗೆಯೇ. ಯಾರೋ ಕಂಪ್ಯೂಟರಿಗೆ ಕನ್ನ ಹಾಕಿರಬೇಕು, ಈಗೀಗ ದಿನಾ ಪೇಪರಿನಲ್ಲಿ ಬರುತ್ತದೆ, ಸಂಗುವಿನ ಅಂಗಡಿಗೂ ಅದೇ ಕಳ್ಳ ಏನೋ ಮಾಡಿರಬೇಕು ಎಂದೆಲ್ಲ ತಲೆಗೆ ಬಂತು.

"ನನಗ ಎರಡು ದಿನ ಕೊಡ್ರಿ ಕಾಕಾ. ಯಾರ ಕೆಲಸ ಅಂತ ನಾನ ನಿಮ್ಮನಿಗೆ ಬಂದು ಹೇಳ್ತೀನಿ. ಹೇಳಾಕ ಆಗಲಿಲ್ಲಂದ್ರ ಈ ಬೋರ್ಡು ಇಳಿಸಿಬಿಡ್ತೀನಿ."

ಅವರು ಹೋದ ಕೂಡಲೇ ಅವಳು 'ಇರಲಿ' ಫೋಲ್ಡರು ತೆರೆದು ನೋಡಿದಳು. ಎರಡು ವರ್ಷದ ಹಿಂದಿನ ಆ ಪ್ರತಿ ಅಲ್ಲಿಯೇ ಇತ್ತು. ಹೆಸರುಗಳ ಸಾಲು, ದಾನಮ್ಮನ ಜಾಗ, ಕೊನೆಯ ಮಕ್ಕಳ ಹೆಸರು, ಹೊಸದಾಗಿ ಸೇರಿಸಿದ ಸೊಸೆಯ ಹೆಸರು ಬಿಟ್ಟರೆ ಎಲ್ಲ ಕೈಯಲ್ಲಿದ್ದ ಪತ್ರಿಕೆಗೆ ತಾಳೆಯಾಗುತ್ತಿತ್ತು. ಆ ಪ್ರತಿ ಇಡೀ ಲೋಕದಲ್ಲಿ ಈ ಯಂತ್ರದ ಹೊರತು ಬೇರೆಲ್ಲೂ ಇರಲಿಲ್ಲ. ಅವಳು ವೈರುಗಳನ್ನು ಕಿತ್ತು, ಕ್ಯಾಬಿನೆಟ್ಟನ್ನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಇಬ್ರಾಹಿಂಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಉಮರನ ಹತ್ತಿರ ಹೋದಳು. ಒಳಗೆ ಯಾವುದಾದರೂ ವೈರಸ್ಸು ಕೂತಿದೆಯೇನು ನೋಡು ಎಂದಳು.

ಉಮರ ಹಚ್ಚಿದ. ಮೂಲೆಯಲ್ಲಿ ಹಳದಿ ಚೌಕ ಬಂತು. ರಾಜೇಶ್ವರಿ ರೂಢಿಯಂತೆ ಗುಣಿಸು ಒತ್ತಲು ಕೈ ಚಾಚಿದಳು. ಉಮರ ಅವಳ ಕೈ ತಡೆದು ಪೂರ್ತಿ ಓದಿದ. ಆಮೇಲೆ ಯಂತ್ರ ಆರಿಸಿ, ಪಕ್ಕದ ತಗಡು ಬಿಚ್ಚಿ, ಕೆಳಗಿನ ಲೋಹದ ಮುಚ್ಚಳದ ಸ್ಕ್ರೂ ತೆಗೆದ.

"ಅಕ್ಕಾರ, ನಿಮ್ಮ ಎರಡನೇ ಡಿಸ್ಕು ಎಲ್ಲೈತ್ರಿ?"

ಸ್ಲಾಟು ಖಾಲಿ. ಮುಚ್ಚಳದ ಒಳಬದಿಯ ಮೆತ್ತನೆಯ ಪಟ್ಟಿಯ ಮೇಲೆ ಡಿಸ್ಕು ಒತ್ತಿದ್ದ ಗುರುತು ಹಾಗೆಯೇ ಇತ್ತು. ತೆಗೆದವನು ಮುಚ್ಚಳವನ್ನು ಮತ್ತೆ ನೀಟಾಗಿ ಕೂಡಿಸಿ, ಸ್ಕ್ರೂಗಳನ್ನೆಲ್ಲ ಬಿಗಿದು ಹೋಗಿದ್ದ. ಧೂಳನ್ನೂ ಒರೆಸಿದ್ದ.

"ಒಂದು ಇಲ್ಲಂದ್ರೂ ಯಂತ್ರ ನಡೀತೈತ್ರಿ. ಅದಕ್ಕ ತಾನ ಎರಡು ಹಾಕೂದು" ಎಂದ ಉಮರ. "ಆದ್ರ ದಿನಾ ಹೇಳಿರಬೇಕಲ್ರಿ ಅದು? ಜೋಡಿ ಮುರದೈತಿ ನೋಡ್ರಿ ಅಂತ?"

"ಹೇಳತಿತ್ತು" ಎಂದಳು ರಾಜೇಶ್ವರಿ.

ಎಂಟು ತಿಂಗಳು, ದಿನಕ್ಕೊಮ್ಮೆ, ಆ ಯಂತ್ರ ಅವಳಿಗೆ ನಿಜ ಹೇಳಿತ್ತು. ಅವಳು ದಿನಾ ಅದರ ಬಾಯಿ ಮುಚ್ಚಿದ್ದಳು. ಮುಚ್ಚಲು ಕಲಿಸಿಕೊಟ್ಟವನು ತಮ್ಮ. ಉಮರ ಕುರ್ಚಿ ಸರಿಸಿ, ನೀರು ಕೊಟ್ಟು, ಬೇರೆ ಏನೂ ಕೇಳದೆ ಸುಮ್ಮನೆ ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿದ. ಅವಳಿಗೆ ಆಗ ಅಳು ಬರಲಿಲ್ಲ. ತಮ್ಮ ಧೂಳು ಒರೆಸುವಾಗ ತಾನು ಗಿರಮಿಟ್ಟಿನ ಪೊಟ್ಟಣ ಹಿಡಿದು ಓಡೋಡಿ ಬಂದದ್ದು ನೆನಪಾಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಬಬಲೇಶ್ವರಕ್ಕೆ ಹೋದಳು. ಅಂಗಡಿ ಹುಡುಕಬೇಕಾಗಲಿಲ್ಲ. ತನ್ನದೇ ಹೆಸರು, ತನ್ನ ಬೋರ್ಡಿನದೇ ಅಕ್ಷರ, ತನ್ನ ಅಂಗಡಿಗಿಂತ ದೊಡ್ಡ ಬೋರ್ಡು. ಒಳಗೆ ಗೋಡೆಯ ತುಂಬ ಪತ್ರಿಕೆಗಳ ಮಾದರಿ ತೂಗುಹಾಕಿತ್ತು. ಸಂಗು ಅವಳನ್ನು ಕಂಡು ಎದ್ದುನಿಂತ.

"ಬಾ ಅಕ್ಕಾ. ಫೋನ್ ಮಾಡಿದ್ರ ಬಸ್‌ಸ್ಟ್ಯಾಂಡಿಗೆ ಬರತಿದ್ದೆ."

"ನನ್ನ ಎರಡನೇ ಡಿಸ್ಕು ಎಲ್ಲೈತಿ ಸಂಗೂ?"

ಅವನ ಕಣ್ಣು ತಾನಾಗಿಯೇ ಮೇಜಿನ ಕೆಳಗಿನ ಕ್ಯಾಬಿನೆಟ್ಟಿಗೆ ಹೋಯಿತು. ಸುಳ್ಳು ಹೇಳುವ ಯೋಚನೆ ಒಂದು ಗಳಿಗೆ ಮುಖದ ಮೇಲೆ ಸುಳಿದು ಹೋದದ್ದನ್ನೂ ಅವಳು ಕಂಡಳು. ಅವನು ಮಗುವಾಗಿದ್ದಾಗಿನಿಂದ ಕಂಡ ಮುಖ ಅದು.

"ನಿಂದೇನೂ ಹೋಗಿಲ್ಲ ಅಕ್ಕಾ. ಒಂದು ಹೆಸರೂ ಹೋಗಿಲ್ಲ. ನಿನ್ನ ಕಡಿ ಎಲ್ಲಾ ಇದ್ದಂಗ ಐತಿ. ನಾ ಬರೇ ಜೋಡೀದು ತಂದೀನಿ."

"ಜೋಡೀದು ಯಾಕ ಹಾಕಿದ್ಯೋ? ಒಂದು ಸತ್ತರ ಇನ್ನೊಂದು ಉಳೀತೈತಿ ಅಂತ ನೀನ ಹೇಳಿದ್ದೆಲ್ಲ. ಈ ಎಂಟು ತಿಂಗಳಾಗ ಅದು ಸತ್ತಿದ್ರ?"

"ಸಾಯಲಿಲ್ಲಲ್ಲ."

"ಹೊಸಾ ಡಿಸ್ಕು ಎಲ್ಲಾ ಅಂಗಡ್ಯಾಗೂ ಸಿಗತಾವು. ನಂದ ಯಾಕ ಬೇಕಾಗಿತ್ತು?"

ಸಂಗು ಉಗುರು ಕೆರೆಯುತ್ತ ನಿಂತ. "ಪಟ್ಟಿ ಬೇಕಾಗಿದ್ವು. ಕೇಳಿದ್ರ ನೀ ಕೊಡತಿದ್ದಿಲ್ಲ."

"ಕೇಳಿ ನೋಡಿದ್ಯೇನು?"

ಕೇಳಿದ್ದರೆ ಪಟ್ಟಿ ಕೊಡುತ್ತಿರಲಿಲ್ಲ, ಅದು ನಿಜ. ಮಂದಿ ನಂಬಿ ಹೇಳಿದ ಹೆಸರು ಕೊಡುವುದಕ್ಕೆ ಅವು ಇವಳವಲ್ಲ. ಆದರೆ ಅವನಿಗೆ ತನ್ನ ಪಕ್ಕದಲ್ಲಿ ಕುರ್ಚಿ ಹಾಕುತ್ತಿದ್ದಳು, ಬೋರ್ಡಿನ ಮೇಲೆ ತನ್ನ ಹೆಸರಿನ ಜೊತೆ ಅವನದನ್ನೂ ಬರೆಸುತ್ತಿದ್ದಳು, ತನಗೆ ಬೆರಳು ಆಡದ ದಿನ ಅಂಗಡಿಯನ್ನೇ ಅವನ ಕೈಗೆ ಒಪ್ಪಿಸುತ್ತಿದ್ದಳು. ಇದನ್ನೆಲ್ಲ ಅವಳು ಎಷ್ಟೋ ಸಲ ಮನಸ್ಸಿನಲ್ಲಿ ಎಣಿಸಿದ್ದಳು. ಅವನಿಗೆ ಹೇಳಲು ಹೋಗಲಿಲ್ಲ.

"ದಾನಮ್ಮನ ಹೆಸರು ಹೆಂಗ ಬಂತು?"

"ನಿನ್ನ 'ಇರಲಿ' ಅನ್ನೂದರಾಗ ಪಟ್ಟಿ ಪೂರಾ ಇದ್ವು. ಉಳದದ್ದರಾಗ ಒಂದೊಂದು ಹೆಸರು ಕಡಿಮಿ ಬೀಳತಿತ್ತು. ಹೆಚ್ಚಿಗಿ ಇದ್ದದ್ದ ಖರೇ ಅನಕೊಂಡೆ."

ಮೂರು ವರ್ಷ ಅದೇ ಅಂಗಡಿಯ ಮೇಜಿನ ಪಕ್ಕ ಕೂತು ಓದಿದವನು. ಅಕ್ಕ ಜನರಿಗೆ ನಾಳೆ ಬರ್ರಿ ಎಂದದ್ದನ್ನು ನೂರು ಸಲ ಕೇಳಿದವನು. ಯಾಕೆ ಎಂದು ಒಮ್ಮೆಯೂ ಅವನ ತಲೆಗೆ ಹೋಗಿರಲಿಲ್ಲ.

"ಕಡೀದು ಒಂದು ಕೇಳ್ತೀನಿ, ಖರೇ ಹೇಳು. ಗುರಲಿಂಗಪ್ಪ ಕಾಕಾ ಬಂದು ಕೇಳಿದಾಗ ಏನಂದಿ?"

ಹೊರಗೆ ಯಾರೋ ಜೆರಾಕ್ಸ್ ಐತೇನ್ರಿ ಎಂದು ಕೇಳಿ, ಉತ್ತರ ಬಾರದೆ ಹೋದರು.

"ಸಿಟ್ಟಿನಾಗ ಹೊಡ್ಯಾಕ ಬಂದಿದ್ರು ಅಕ್ಕಾ. ನಿನ್ನ ಹೆಸರು ಹೇಳಿದ್ರ ತಣ್ಣಗಾಗ್ತಾರ ಅನಕೊಂಡೆ. ನಿನಗ ಯಾರ ಏನ ಅಂತಾರ? ನಿನ್ನ ಎಲ್ಲಾರೂ ನಂಬತಾರ."

ಆಗ ರಾಜೇಶ್ವರಿ ಕೂತುಬಿಟ್ಟಳು. ಡಿಸ್ಕು ಒಯ್ದದ್ದನ್ನು ಆಸೆ ಎನ್ನಬಹುದಿತ್ತು, ಬೋರ್ಡು ಹಾಕಿದ್ದನ್ನು ಸಣ್ಣ ಬುದ್ಧಿ ಎನ್ನಬಹುದಿತ್ತು. ಬಸ್ಸಿನಲ್ಲಿ ಬರುವಾಗ ಅವನ ಪರವಾಗಿ ಅವಳೇ ಅರ್ಧ ವಕಾಲತ್ತು ಮಾಡಿಕೊಂಡು ಬಂದಿದ್ದಳು. ಈ ಮಾತಿಗೆ ಆ ವಕಾಲತ್ತು ನಡೆಯುವಂತಿರಲಿಲ್ಲ. ಇಪ್ಪತ್ತೆರಡು ವರ್ಷ ಕೂಡಿಸಿದ ನಂಬಿಕೆಯನ್ನು ಅವನು ಏಟು ಬೀಳುವಾಗ ಅಡ್ಡ ಹಿಡಿದಿದ್ದ.

"ಬಿಚ್ಚು ಅದನ್ನ. ನನ್ನ ಡಿಸ್ಕು ಕೊಡು. ಬೋರ್ಡಿನಾಗಿನ ನನ್ನ ಹೆಸರೂ ಇವತ್ತ ಇಳೀಬೇಕು."

"ಅದರಾಗ ನನ್ನ ಕೆಲಸನೂ ಐತಿ ಅಕ್ಕಾ. ಎಂಟು ತಿಂಗಳದ್ದು."

"ನಿಂದು ತಕ್ಕೋ. ಕುಂಡರತೀನಿ."

ಅವನು ಪೆನ್‌ಡ್ರೈವು ಚುಚ್ಚಿ ನಕಲು ಮಾಡತೊಡಗಿದ. ಪರದೆಯ ಮೇಲೆ ಹಸಿರು ಗೆರೆ ತುಂಬುತ್ತ ಹೋಯಿತು. ಅದರಲ್ಲಿ ಅವನದು ಎಷ್ಟು, ತನ್ನದು ಎಷ್ಟು ಎಂದು ಅವಳಿಗೆ ತಿಳಿಯುವಂತಿರಲಿಲ್ಲ. ಈ ಎಂಟು ತಿಂಗಳಲ್ಲಿ ಇನ್ನೆಲ್ಲೆಲ್ಲಿ ನಕಲು ಮಾಡಿದ್ದಾನೋ ಅದೂ ತಿಳಿಯುವಂತಿರಲಿಲ್ಲ.

"ಪಟ್ಟಿ ಬ್ಯಾರೆ ಕಡಿ ಇಟ್ಟಿಲ್ಲ ಅಕ್ಕಾ. ಅವ್ವನ ಆಣಿ."

ಅವಳು ಅವನ ಮುಖ ನೋಡಿದಳು. ಆ ಆಣೆ ಅವಳ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅವನು ಬಿಚ್ಚಿ ಕೊಟ್ಟ ಡಿಸ್ಕನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಎದ್ದಳು. ಚಹಾ ಕುಡಿದು ಹೋಗು ಎಂದು ಅವನು ಹಿಂದಿನಿಂದ ಅಂದ, ಏನೂ ಆಗಿಯೇ ಇಲ್ಲವೆಂಬ ದನಿಯಲ್ಲಿ.

ಅಲ್ಲಿಂದ ಕಾಖಂಡಕಿ ದೂರವಲ್ಲ. ಹಂದರವನ್ನು ಇನ್ನೂ ಬಿಚ್ಚಿರದ ಮನೆಯ ಕಟ್ಟೆಯ ಮೇಲೆ ಗುರಲಿಂಗಪ್ಪ ಒಬ್ಬರೇ ಕೂತಿದ್ದರು.

"ಪಟ್ಟಿ ಕದ್ದಾಂವ ನನ್ನ ತಮ್ಮ, ಕಾಕಾ. ಸುಳ್ಳು ಹೇಳಿದಾಂವನೂ ಅವನ. ನಾ ಹೆಸರು ಇಡು ಅಂದಿಲ್ಲ. ಆದ್ರ ಕದಿಯಂಗ ಬಾಗಲಾ ತೆರದಿಟ್ಟಾಕಿ ನಾನು. ತಪ್ಪು ನಂದ."

ತನ್ನವರ ಮಾನ ಬೀದಿಗೆ ಇಟ್ಟು ಮಾತಾಡುವ ಹೆಂಗಸನ್ನು ಮುದುಕರು ನಿರೀಕ್ಷಿಸಿರಲಿಲ್ಲ. ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು.

"ಆದ್ರ ಬಾಗಲಿಗೆ ಬಂದ ಮಗಳನ್ನ ಹೊರಗ ಕಳಿಸಿದ್ದು ನಾವಲ್ರಿ ಕಾಕಾ, ನೀವು."

ಅವಳು ಎದ್ದು ಅಂಗಳ ದಾಟುವಾಗ ಅವರು ಕೂಗಿ ಕೇಳಿದರು: "ಆಕೀ ಹೆಸರು ಇನ್ನೂ ಐತೇನವಾ ನಿನ್ನ ಕಡಿ?"

"ಐತ್ರಿ. ನಿಮಗ ಬೇಕಾದಾಗ ಬರ್ರಿ."

ಉಮರ ಡಿಸ್ಕನ್ನು ಅದರ ಜಾಗದಲ್ಲಿ ಕೂಡಿಸಿದ. ಜೋಡಿ ಮತ್ತೆ ಕಟ್ಟಬೇಕಾದರೆ ಯಾವ ಡಿಸ್ಕಿನ ಮೇಲೆ ಬರೆಯಬೇಕು ಎಂದು ಆರಿಸಬೇಕು, ಆರಿಸಿದ್ದರಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ, ಒಮ್ಮೆ ನೋಡಿಕೊಳ್ಳಿರಿ ಎಂದ. ಅವಳು ನೋಡಲಿಲ್ಲ. ತಾನೇ ಮೌಸು ಹಿಡಿದು, ಬಬಲೇಶ್ವರದಿಂದ ಬಂದದ್ದನ್ನು ಆರಿಸಿ, ಹೌದು ಎಂಬುದನ್ನು ಒತ್ತಿದಳು. ಸಂಗುವಿನ ಎಂಟು ತಿಂಗಳ ಮೇಲೆ ಅವಳ ಇಪ್ಪತ್ತೆರಡು ವರ್ಷ ಮೆಲ್ಲಗೆ ಹರಡಿಕೊಳ್ಳತೊಡಗಿತು. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಕಂಪ್ಯೂಟರು ಹಚ್ಚಿದಾಗ ಮೂಲೆಯಲ್ಲಿ ಹಳದಿ ಚೌಕ ಬರಲಿಲ್ಲ. ಗುಣಿಸು ಒತ್ತಲು ಹೋದ ಬೆರಳು ಸುಮ್ಮನೆ ನಿಂತಿತು.

ಮಗಳ ಪತ್ರಿಕೆ ತೆರೆದಳು. ಸೋದರಮಾವ, ಶ್ರೀ ಸಂಗನಬಸವ, ಒಂದು ಗಾತ್ರ ದೊಡ್ಡ ಅಕ್ಷರ. ರೇವಪ್ಪ ಹಿಂದೆ ಬಂದು ನಿಂತ.

"ಸೋದರಮಾವ ಇಲ್ಲದ ಪತ್ರಿಕಿ ಎಲ್ಲೆರ ಐತೇನು? ನಿಮ್ಮವ್ವ ಏನಂದಾಳು? ಮಂದಿ ಕೇಳತಾರ."

"ಕೇಳಲಿ."

"ಎಲ್ಲಾರಿಗೂ ನಾಳೆ ಬರ್ರಿ ಅಂತೀದಿ. ನಿನಗ ನೀ ಅಂದುಕೋ."

ಆ ಮಾತು ನ್ಯಾಯದ್ದೇ ಆಗಿತ್ತು. ಅವಳು ಪತ್ರಿಕೆ ಮುಚ್ಚಿ ಆ ದಿನ ಬೇರೆಯವರ ಕೆಲಸ ಮಾಡಿದಳು. ಮುರಿಗೆವ್ವ ತಿಕೋಟಾದಿಂದ ಎರಡು ಸಲ ಫೋನು ಮಾಡಿ ಅತ್ತಳು. ಸಂಗು ಒಂದು ಸಲವೂ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಊದಿನಕಡ್ಡಿ ಹಚ್ಚಿ, ಕಂಪ್ಯೂಟರು ಹಚ್ಚಿ, ಅವಳು ಮತ್ತೆ ಆ ಸಾಲಿನ ಮುಂದೆ ಕೂತಳು. ಸೊಂಟದ ಮೇಲೆ ಹೊತ್ತ ಮಗುವಿನ ಭಾರ ನೆನಪಾಯಿತು. 'ನಿನ್ನ ಎಲ್ಲಾರೂ ನಂಬತಾರ' ಎಂದದ್ದೂ ನೆನಪಾಯಿತು.

ಒಂದೊಂದೇ ಅಕ್ಷರ ಅಳಿಸಿದಳು. ಕೊನೆಗೆ ತಲೆಸಾಲನ್ನೂ ತೆಗೆದಳು. ಉಳಿಸು ಎಂಬುದನ್ನು ಒತ್ತುವ ಮೊದಲು ಹೆಸರಿದ್ದ ಪ್ರತಿಯನ್ನು ಬೇರೆ ಇಡಲು ಅವಳ ಕೈ ತಾನಾಗಿಯೇ 'ಇರಲಿ' ಫೋಲ್ಡರಿನ ಕಡೆಗೆ ಹೋಯಿತು, ಇಪ್ಪತ್ತೆರಡು ವರ್ಷದ ರೂಢಿ. ಅಲ್ಲಿ ಊರ ಮಂದಿ ಬೇಡವೆಂದ ಹೆಸರುಗಳೆಲ್ಲ ಇದ್ದವು, ದಾನಮ್ಮನದೂ ಇತ್ತು.

ಅವಳು ಕೈಯನ್ನು ಹಿಂದಕ್ಕೆ ತಂದು, ನೇರ ಉಳಿಸು ಒತ್ತಿದಳು. ಹೆಸರು ಎರಡೂ ಡಿಸ್ಕಿನಿಂದ ಆಗಿಂದಾಗ ಹೋಯಿತು, ಹಾಕಿಕೊಟ್ಟವನು ಹೇಳಿದ ಹಾಗೆಯೇ.